ನೀರು ಸೋರುವ ಕಣ್ಣೂ ಒಣಗಿರಬಹುದು: ಕಣ್ಣೀರಿನ ಊಟೆ, ತೂಬು, ಕೋಡಿಗಳನ್ನು ಅರಿಯುವ ಕ್ರಮ

ಶಿಡ್ಲಘಟ್ಟದ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಕಣ್ಣಿನ ತಪಾಸಣಾ ಶಿಬಿರಕ್ಕೆ ಕುಳಿತಾಗಲೆಲ್ಲ ನಾನು ಕೇಳುವ ದೂರುಗಳಲ್ಲಿ ಬಹಳ ಸಾಮಾನ್ಯವಾದದ್ದು, ಕಣ್ಣಲ್ಲಿ ಸದಾ ನೀರು ಎಂಬುದು. ಕಳೆದ ಬೇಸಿಗೆಯಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುವ, ಐವತ್ತರ ಆಸುಪಾಸಿನ ತಾಯಿಯೊಬ್ಬರು ಸೆರಗಿನ ತುದಿಯಿಂದ ಎರಡೂ ಕಣ್ಣು ಒರೆಸಿಕೊಳ್ಳುತ್ತಲೇ ಬಂದು ಕುಳಿತರು. ಪರೀಕ್ಷೆ ಮುಗಿಸಿ, "ಅಮ್ಮ, ನಿಮ್ಮ ಕಣ್ಣು ಒಣಗುತ್ತಿದೆ" ಎಂದೆ. ಅವರಿಗೆ ಸಿಟ್ಟೇ ಬಂತು. "ಬೆಳಗಿಂದ ಸಂಜೆಗಂಟ ನೀರು ಸುರೀತಾನೆ ಐತೆ, ನೀವು ನೋಡಿದ್ರೆ ಒಣಗೈತೆ ಅಂತೀರಲ್ಲ ಸ್ವಾಮಿ" ಎಂದರು.

ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ಕಣ್ಣೀರು ಎಲ್ಲಿ ಹುಟ್ಟುತ್ತದೆ, ಕಣ್ಣಿನ ಮೇಲೆ ಹೇಗೆ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಎಂಬುದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಅದು ತಿಳಿಯದೆ ಹಾಕಿಕೊಂಡ ಡ್ರಾಪ್ಸ್ ಅವರ ಕೈಚೀಲದಲ್ಲಿ ಮೂರು ಬಗೆಯವು ಇದ್ದವು. ಕಣ್ಣಿಗೆ ಏನನ್ನಾದರೂ ಹಾಕುವ ಮೊದಲು ಕೆಟ್ಟಿರುವುದು ಯಾವ ಭಾಗ ಎಂದು ಗುರುತಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಲೇಖನದಲ್ಲಿ ಅದನ್ನು ಮನೆಯಲ್ಲಿ ಎಷ್ಟರಮಟ್ಟಿಗೆ ಗುರುತಿಸಬಹುದು, ಅದಾದ ಮೇಲೆ ಏನು ಮಾಡಬಹುದು, ಎಲ್ಲಿಗೆ ಬಂದಾಗ ಮನೆಮದ್ದನ್ನು ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಕ್ರಮವಾಗಿ ಬರೆದಿದ್ದೇನೆ.

ಮೊದಲು ಕೆರೆಯ ನಕ್ಷೆ

ಕೋಲಾರ, ಚಿಕ್ಕಬಳ್ಳಾಪುರ ಸೀಮೆಯವರಿಗೆ ಕೆರೆಯ ಏರ್ಪಾಟನ್ನು ವಿವರಿಸಬೇಕಾಗಿಲ್ಲ. ನೀರು ತುಂಬುವ ಮೂಲವಾದ ಊಟೆ, ನೀರು ನಿಲ್ಲುವ ಅಂಗಳ, ಲೆಕ್ಕವಾಗಿ ಹೊರಬಿಡುವ ತೂಬು, ಮಿಕ್ಕಿದ್ದು ಹರಿದುಹೋಗುವ ಕೋಡಿ, ಈ ನಾಲ್ಕೂ ಕಣ್ಣಿನಲ್ಲಿಯೂ ಇವೆ.

ಮುಖ್ಯವಾದ ಊಟೆ ಎಂದರೆ ಕಣ್ಣೀರಿನ ಗ್ರಂಥಿ. ಹುಬ್ಬಿನ ಹೊರತುದಿಯ ಕೆಳಗೆ, ಹಣೆಯ ಮೂಳೆಯಲ್ಲಿರುವ ಸಣ್ಣ ಗುಳಿಯೊಂದರಲ್ಲಿ ಅದು ಬಾದಾಮಿಯಷ್ಟು ಗಾತ್ರದಲ್ಲಿ ಅಡಗಿ ಕುಳಿತಿದೆ. ಅದರಿಂದ ಹೊರಡುವ ಸುಮಾರು ಹತ್ತು ಹನ್ನೆರಡು ಸಣ್ಣ ನಾಳಗಳು ಮೇಲ್ರೆಪ್ಪೆಯ ಒಳಗೆ, ಕಡೆಗಣ್ಣಿನ ದಿಕ್ಕಿನಲ್ಲಿ ತೆರೆದುಕೊಳ್ಳುತ್ತವೆ. ಇದಲ್ಲದೆ ರೆಪ್ಪೆಯ ಒಳಪದರದಲ್ಲಿ ಕ್ರೌಸ್ ಮತ್ತು ವೋಲ್ಫ್‌ರಿಂಗ್ ಎಂಬುವರ ಹೆಸರಿನಿಂದ ಕರೆಯುವ ಕಿರುಗ್ರಂಥಿಗಳಿದ್ದು, ಅವೂ ನೀರನ್ನು ಒಸರುತ್ತಿರುತ್ತವೆ.

ಅಂಗಳವೆಂದರೆ ಕಣ್ಣಿನ ಹೊರಮೈ. ಕಪ್ಪುಭಾಗದ ಮುಂದೆ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪಟಲ ಕಾರ್ನಿಯಾ. ಬಿಳಿಭಾಗವನ್ನು ಹೊದ್ದು, ಮಡಚಿಕೊಂಡು ರೆಪ್ಪೆಯ ಒಳಮೈಯನ್ನೂ ಆವರಿಸಿರುವ ತೆಳು ಪೊರೆ ಕಂಜಂಕ್ಟೈವಾ. ಕಾರ್ನಿಯಾದ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಅದರಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ಬೆಳಕು ಹಾಯುತ್ತಿರಲಿಲ್ಲ. ಹಾಗಾಗಿ ಅದು ತನಗೆ ಬೇಕಾದ ಆಮ್ಲಜನಕದ ಹೆಚ್ಚಿನ ಪಾಲನ್ನು ಗಾಳಿಯಿಂದ, ಕಣ್ಣೀರಿನ ಮೂಲಕವೇ ಪಡೆಯಬೇಕು. ಅದರ ಮೇಲ್ಪದರದಲ್ಲಿ ಜೀವಕೋಶಗಳ ಐದಾರು ಸಾಲುಗಳಿದ್ದು, ಅವು ವಾರ ಹತ್ತು ದಿನಗಳಲ್ಲಿ ಪೂರ್ತಿಯಾಗಿ ಹೊಸದಾಗುತ್ತಿರುತ್ತವೆ. ಆ ಕೋಶಗಳ ನಡುವೆ ಚರ್ಮದಲ್ಲಿ ಎಲ್ಲಿಯೂ ಇಲ್ಲದಷ್ಟು ಒತ್ತಾಗಿ ನರದ ತುದಿಗಳು ಹರಡಿಕೊಂಡಿವೆ. ಒಂದು ಚೂರು ರಾಗಿ ಹೊಟ್ಟು ಕಣ್ಣಿಗೆ ಬಿದ್ದರೆ ಜೀವ ಹೋದಂತಾಗುವುದು ಇದರಿಂದಲೇ.

ಈ ಅಂಗಳದಲ್ಲಿ ಒಂದು ಹೊತ್ತಿಗೆ ನಿಂತಿರುವ ಕಣ್ಣೀರು ಎಷ್ಟು ಎಂದು ತಿಳಿದರೆ ಅಚ್ಚರಿಯಾಗುತ್ತದೆ. ಒಂದು ಕಣ್ಣಿನಲ್ಲಿ ಸುಮಾರು 7 ಮೈಕ್ರೋಲೀಟರ್, ಅಂದರೆ ಒಂದು ಮಿಲಿಲೀಟರಿನ ನೂರನೇ ಒಂದು ಪಾಲಿಗಿಂತಲೂ ಕಡಿಮೆ. ಅದು ಹರಡಿಕೊಂಡಾಗ ಆಗುವ ಪೊರೆಯ ದಪ್ಪ ಸುಮಾರು 3 ಮೈಕ್ರೋಮೀಟರ್, ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗದಷ್ಟು. ಹೊರಗಿನ ಬೆಳಕು ಕಣ್ಣೊಳಗೆ ಹೋಗುವಾಗ ಮೊದಲು ಮುಟ್ಟುವುದು ಈ ಪೊರೆಯನ್ನೇ. ಪೊರೆ ನುಣುಪಾಗಿರದಿದ್ದರೆ ಕನ್ನಡಕ ಎಷ್ಟೇ ಸರಿಯಾಗಿರಲಿ, ಅಕ್ಷರ ಮಸುಕಾಗುತ್ತದೆ, ರೆಪ್ಪೆ ಬಡಿದರೆ ತಿಳಿಯಾಗುತ್ತದೆ, ಮತ್ತೆ ಮಸುಕಾಗುತ್ತದೆ. ಹೀಗೆ ಕ್ಷಣಕ್ಕೊಮ್ಮೆ ಬದಲಾಗುವ ಮಸುಕು ಕನ್ನಡಕದ ನಂಬರಿನ ದೋಷವಲ್ಲ, ಕಣ್ಣೀರಿನ ಪೊರೆಯ ದೋಷ ಎಂದು ಮೊದಲು ಸಂಶಯಿಸಬೇಕು.

ಇನ್ನು ತೂಬು. ಮೇಲ್ರೆಪ್ಪೆ, ಕೆಳರೆಪ್ಪೆಗಳ ಅಂಚಿನಲ್ಲಿ, ಮೂಗಿನ ಕಡೆಯ ಮೂಲೆಯ ಸಮೀಪ, ಒಂದೊಂದು ಸೂಜಿಮೊನೆಯಂಥ ರಂಧ್ರವಿದೆ. ಅದರ ಅಗಲ ಸುಮಾರು 0.3 ಮಿಲಿಮೀಟರ್. ಪ್ರತಿ ಸಲ ರೆಪ್ಪೆ ಬಡಿದಾಗ ಕಣ್ಣೀರು ಆ ರಂಧ್ರಗಳ ಮೂಲಕ ಸಣ್ಣ ಕಾಲುವೆಗಳಿಗೆ, ಅಲ್ಲಿಂದ ಮೂಗಿನ ಪಕ್ಕದ ಕಣ್ಣೀರಿನ ಚೀಲಕ್ಕೆ, ಅಲ್ಲಿಂದ ಮೂಳೆಯೊಳಗಿನ ನಾಳದ ಮೂಲಕ ಮೂಗಿನೊಳಗೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದಕ್ಕೂ, ಕಣ್ಣಿಗೆ ಹಾಕಿದ ಔಷಧಿ ಗಂಟಲಲ್ಲಿ ಕಹಿಯಾಗುವುದಕ್ಕೂ ಕಾರಣ ಈ ದಾರಿಯೇ. ತೂಬು ತಾಳಲಾರದಷ್ಟು ನೀರು ಬಂದಾಗ, ಅಥವಾ ತೂಬೇ ಕಟ್ಟಿಕೊಂಡಾಗ, ಕೋಡಿ ಬಿದ್ದು ಕೆನ್ನೆಯ ಮೇಲೆ ಹರಿಯುತ್ತದೆ.

ನೀರು ನಿಲ್ಲಬೇಕಾದರೆ ಲೋಳೆ ಬೇಕು, ಎಣ್ಣೆ ಬೇಕು

ಕಣ್ಣೀರು ಬರಿಯ ಉಪ್ಪುನೀರಲ್ಲ. ಕಂಜಂಕ್ಟೈವಾದಲ್ಲಿ ಹರಡಿಕೊಂಡಿರುವ ಗಾಬ್ಲೆಟ್ ಕೋಶಗಳು ಮ್ಯೂಸಿನ್ ಎಂಬ ಲೋಳೆಯನ್ನು ಒಸರುತ್ತವೆ. ಈ ಲೋಳೆಯಿಲ್ಲದಿದ್ದರೆ ಕೆಸುವಿನೆಲೆಯ ಮೇಲೆ ಬಿದ್ದ ನೀರು ಉಂಡೆಗಟ್ಟಿ ಜಾರುವಂತೆ ಕಣ್ಣೀರೂ ಅಂಟಿಕೊಳ್ಳದೆ ಜಾರಿಹೋಗುತ್ತದೆ. ಈ ಕೋಶಗಳು ಬದುಕಿರಲು ಎ ಜೀವಸತ್ವ ಬೇಕು. ಅದು ತೀರ ಕಡಿಮೆಯಾದ ಮಕ್ಕಳಲ್ಲಿ ಮೊದಲು ಇರುಳುಗಣ್ಣು ಕಾಣಿಸಿಕೊಂಡು, ಮುಂದೆ ಬಿಳಿಗುಡ್ಡೆಯ ಮೇಲೆ ಸೋಪಿನ ನೊರೆಯಂಥ ಮಚ್ಚೆ ಬಂದು, ಕೊನೆಗೆ ಕಾರ್ನಿಯಾ ಕರಗಿ ದೃಷ್ಟಿಯೇ ಹೋಗಬಹುದು. ಒಂಬತ್ತನೇ ತಿಂಗಳಿನಿಂದ ಐದು ವರ್ಷದವರೆಗೆ ಕೊಡುವ ಒಂಬತ್ತು ವಿಟಮಿನ್ ಎ ಡೋಸುಗಳನ್ನು ತಪ್ಪಿಸಬಾರದು ಎಂದು ಅಂಗನವಾಡಿಯಲ್ಲಿ ಒತ್ತಿ ಹೇಳುವುದು ಇದೇ ಕಾರಣಕ್ಕೆ. ನಮ್ಮ ಕಡೆಯ ಬೆರಕೆ ಸೊಪ್ಪಿನ ಸಾರು, ನುಗ್ಗೆ ಸೊಪ್ಪು, ಪರಂಗಿ ಹಣ್ಣು, ಶ್ರೀನಿವಾಸಪುರದ ಮಾವು ಎಲ್ಲವೂ ಇದಕ್ಕೆ ಒದಗುತ್ತವೆ. ಸೊಪ್ಪಿಗೆ ಒಗ್ಗರಣೆಯ ಎಣ್ಣೆ ಒಂದು ಚಮಚೆಯಾದರೂ ಇರಲಿ, ಏಕೆಂದರೆ ಆ ಸತ್ವ ಮೈಗೆ ಹತ್ತುವುದು ಜಿಡ್ಡಿನ ಜೊತೆಗೆ.

ಲೋಳೆಯ ಜೊತೆಗಿರುವ ನೀರಿನಲ್ಲಿ ಲವಣಗಳೂ ರೋಗಾಣುಗಳನ್ನು ಕೊಲ್ಲುವ ಪ್ರೋಟೀನುಗಳೂ ಇವೆ. ಅವುಗಳಲ್ಲಿ ಲೈಸೋಜೈಮ್ ಎಂಬುದನ್ನು 1922ರಲ್ಲಿ ಪ್ರಕಟಿಸಿದವರು, ಮುಂದೆ ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್. ಕಣ್ಣು ಉರಿಯುತ್ತಿದೆ ಎಂದು ಗಂಟೆಗೊಮ್ಮೆ ನಲ್ಲಿ ನೀರು ಎರಚಿಕೊಳ್ಳುವವರು ಈ ಕಾವಲನ್ನು ತಮ್ಮ ಕೈಯಾರೆ ತೊಳೆದು ಹಾಕುತ್ತಿರುತ್ತಾರೆ.

ಎಲ್ಲಕ್ಕಿಂತ ಹೊರಗಿನದು ಎಣ್ಣೆಯ ಪದರ, ಮತ್ತು ಹೆಚ್ಚಿನವರ ತೊಂದರೆ ಇರುವುದು ಇಲ್ಲಿಯೇ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂಬ ಮಾತು ನಮ್ಮಲ್ಲಿದೆ. ನಮ್ಮ ರೆಪ್ಪೆಗಳು ಆ ಕೆಲಸವನ್ನು ಹಗಲೆಲ್ಲ ಮಾಡುತ್ತಲೇ ಇವೆ. ರೆಪ್ಪೆಯೊಳಗೆ ಬೆನ್ನೆಲುಬಿನಂತೆ ಇರುವ ಗಟ್ಟಿ ಪಟ್ಟಿಯಲ್ಲಿ ಮೈಬೋಮಿಯನ್ ಗ್ರಂಥಿಗಳು ಸಾಲಾಗಿ, ನೆಟ್ಟಗೆ ಜೋಡಿಸಿಟ್ಟಂತೆ ನಿಂತಿವೆ. ಮೇಲ್ರೆಪ್ಪೆಯಲ್ಲಿ 25ರಿಂದ 40, ಕೆಳರೆಪ್ಪೆಯಲ್ಲಿ 20ರಿಂದ 30. ಜರ್ಮನಿಯ ಹೈನ್ರಿಕ್ ಮೈಬೋಮ್ 1666ರಲ್ಲಿ ಅವುಗಳನ್ನು ವಿವರವಾಗಿ ಬರೆದಿದ್ದರಿಂದ ಆ ಹೆಸರು ಉಳಿಯಿತು. ಪ್ರತಿ ಗ್ರಂಥಿಯ ಬಾಯಿ ರೆಪ್ಪೆಗೂದಲಿನ ಹಿಂದೆ, ಅಂಚಿನ ಮೇಲೆ ತೆರೆದಿರುತ್ತದೆ. ರೆಪ್ಪೆ ಪೂರ್ತಿಯಾಗಿ ಮುಚ್ಚಿದಾಗ ಗ್ರಂಥಿ ಹಿಂಡಿದಂತಾಗಿ ಒಂದಿಷ್ಟು ಎಣ್ಣೆ ಹೊರಬಂದು, ನೀರಿನ ಮೇಲೆ ಹರಡಿ, ಅದು ಆವಿಯಾಗದಂತೆ ತಡೆಯುತ್ತದೆ.

ಆರೋಗ್ಯವಂತರ ರೆಪ್ಪೆಯಲ್ಲಿ ಈ ಎಣ್ಣೆ ಮೈಯ ಶಾಖಕ್ಕೆ ತಿಳಿಯಾಗಿ ಹರಿಯುತ್ತದೆ. ಗ್ರಂಥಿ ಕೆಟ್ಟಾಗ ಅದು ಗಟ್ಟಿಯಾಗುತ್ತದೆ. ಮಾಗಿಯ ಚಳಿಯಲ್ಲಿ ಕೊಬ್ಬರಿ ಎಣ್ಣೆಯ ಶೀಸೆಯನ್ನು ಬೋರಲು ಹಾಕಿದರೂ ತೊಟ್ಟು ಬೀಳದಿರುವುದನ್ನು ನೆನೆಸಿಕೊಳ್ಳಿ. ರೆಪ್ಪೆಯೊಳಗೆ ಆಗುವುದೂ ಬಹುಮಟ್ಟಿಗೆ ಅದೇ. ನಾನು ಆ ತಾಯಿಯ ಕೆಳರೆಪ್ಪೆಯನ್ನು ಹತ್ತಿಕಡ್ಡಿಯಿಂದ ಮೆಲ್ಲಗೆ ಒತ್ತಿ ಭೂತಗನ್ನಡಿಯಲ್ಲಿ ನೋಡಿದಾಗ, ಎಣ್ಣೆಯ ಹನಿಗೆ ಬದಲಾಗಿ ಟೂತ್‌ಪೇಸ್ಟಿನಂಥ ಬಿಳಿಯ ಎಳೆಯೊಂದು ಒಂದೇ ಒಂದು ಬಾಯಿಯಿಂದ ಹೊರಬಂತು. ಉಳಿದ ಬಾಯಿಗಳಿಂದ ಏನೂ ಬರಲಿಲ್ಲ.

ಎಣ್ಣೆಯ ಮುಚ್ಚಿಗೆಯಿಲ್ಲದ ನೀರು ಕೆಲವೇ ಸೆಕೆಂಡುಗಳಲ್ಲಿ ಆರಿ, ಪೊರೆ ಅಲ್ಲಲ್ಲಿ ಹರಿದು, ಕಾರ್ನಿಯಾದ ನರದ ತುದಿಗಳು ಬಯಲಾಗುತ್ತವೆ. ಆ ನರಗಳು ಮಿದುಳಿಗೆ ದೂರು ಒಯ್ಯುತ್ತವೆ. ದೂರು ಹೋಗುವುದು ಐದನೆಯ ಕಪಾಲ ನರದ ಮೂಲಕ, ಉತ್ತರ ಬರುವುದು ಏಳನೆಯ ಕಪಾಲ ನರದ ಮೂಲಕ, ಮತ್ತು ಆ ಉತ್ತರವೆಂದರೆ ಕಣ್ಣೀರಿನ ಗ್ರಂಥಿ ಒಮ್ಮೆಲೇ ನೀರನ್ನು ಸುರಿಯುವುದು. ಈರುಳ್ಳಿ ಹೆಚ್ಚುವಾಗ ಗಂಧಕದ ಅಂಶವಿರುವ ಆವಿ ತಗುಲಿ ನೀರು ಉಕ್ಕುವುದೂ ಇದೇ ದಾರಿಯಲ್ಲಿ. ಆದರೆ ಹೀಗೆ ಉಕ್ಕಿದ ನೀರಿನ ಪ್ರಮಾಣಕ್ಕೆ ತಕ್ಕಷ್ಟು ಎಣ್ಣೆಯಾಗಲಿ ಲೋಳೆಯಾಗಲಿ ಅದರೊಡನೆ ಬರುವುದಿಲ್ಲ. ಅದು ಅಂಗಳದಲ್ಲಿ ನಿಲ್ಲದೆ ಕೋಡಿ ಬೀಳುತ್ತದೆ, ಹಿಂದೆಯೇ ಕಣ್ಣು ಮತ್ತೆ ಒಣಗುತ್ತದೆ, ಮತ್ತೆ ದೂರು ಹೋಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ನೀರು ಸುರಿಯುವ ಒಣಕಣ್ಣಿನ ಒಗಟು ಇಷ್ಟೇ.

ಹೆಜ್ಜೆ 1: ಕನ್ನಡಿಯ ಮುಂದೆ ಐದು ನಿಮಿಷ

ಕೈಯನ್ನು ಸೋಪಿನಿಂದ ತೊಳೆದು, ಫ್ಯಾನು ನಿಲ್ಲಿಸಿ, ಕಿಟಕಿಯ ಬೆಳಕಿನಲ್ಲಿ ಕನ್ನಡಿ ಹಿಡಿದು ಕುಳಿತುಕೊಳ್ಳಿ. ಚಾಳೀಸು ಬಂದವರಿಗೆ ಹತ್ತಿರದ್ದು ಕಾಣದು, ಅಂಥವರು ಮನೆಯ ಹುಡುಗರಿಂದ ಮೊಬೈಲಿನಲ್ಲಿ ಫೋಟೋ ತೆಗೆಸಿ ದೊಡ್ಡದು ಮಾಡಿ ನೋಡಬಹುದು.

ಮೊದಲು ಏನನ್ನೂ ಮುಟ್ಟದೆ, ಕೆಳರೆಪ್ಪೆಯ ಅಂಚಿಗೂ ಕಣ್ಣುಗುಡ್ಡೆಗೂ ನಡುವೆ ಹೊಳೆಯುವ ಸಣ್ಣ ನೀರಿನ ಗೆರೆಯನ್ನು ಗಮನಿಸಿ. ಅದು ತುಂಡಾಗದೆ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಇರಬೇಕು. ಗೆರೆ ಕಾಣದಿದ್ದರೆ ಊಟೆಯಲ್ಲಿ ನೀರು ಕಡಿಮೆ ಎಂಬ ಸಂಶಯ. ಗೆರೆಯಲ್ಲಿ ಸೋಪಿನ ನೊರೆಯಂಥ ಗುಳ್ಳೆಗಳಿದ್ದರೆ ರೆಪ್ಪೆಯ ಎಣ್ಣೆ ಕೆಟ್ಟಿದೆ ಎಂಬ ಸಂಶಯ. ನಂತರ ಕೆಳರೆಪ್ಪೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಎಳೆದು, ರೆಪ್ಪೆಗೂದಲಿನ ಬುಡ ನೋಡಿ. ಅಲ್ಲಿ ತಲೆಹೊಟ್ಟಿನಂಥ ಪುಡಿ ಇದೆಯೇ, ಅಂಚು ಕೆಂಪಾಗಿ ದಪ್ಪಗಾಗಿದೆಯೇ, ಗೂದಲು ಒಳಕ್ಕೆ ತಿರುಗಿ ಗುಡ್ಡೆಯನ್ನು ಉಜ್ಜುತ್ತಿದೆಯೇ? ಹಾಗೆಯೇ ಮೂಗಿನ ಕಡೆಗೆ ಬಂದರೆ ಸ್ವಲ್ಪ ಉಬ್ಬಿದ ಜಾಗದಲ್ಲಿ ಚುಕ್ಕಿಯಂತೆ ತೂಬಿನ ಬಾಯಿ ಕಾಣುತ್ತದೆ. ರೆಪ್ಪೆಯನ್ನು ಬಿಟ್ಟಾಗ ಆ ಬಾಯಿ ಗುಡ್ಡೆಯ ಕಡೆಗೆ ಮುಖ ಮಾಡಿ ಅಂಟಿಕೊಂಡಿರಬೇಕು. ವಯಸ್ಸಾದವರಲ್ಲಿ ರೆಪ್ಪೆ ಜೋತು ಬಿದ್ದು ಬಾಯಿ ಹೊರಕ್ಕೆ ತಿರುಗಿದ್ದರೆ ಎಷ್ಟು ಡ್ರಾಪ್ಸ್ ಹಾಕಿದರೂ ನೀರು ಸೋರುವುದು ನಿಲ್ಲದು.

ಕೊನೆಯದಾಗಿ, ಎರಡು ಸಲ ರೆಪ್ಪೆ ಬಡಿದು, ಆಮೇಲೆ ಎವೆಯಿಕ್ಕದೆ ನೇರವಾಗಿ ನೋಡುತ್ತ ಮನಸ್ಸಿನಲ್ಲಿ ಸೆಕೆಂಡು ಎಣಿಸಿ. ಹತ್ತು ಎಣಿಸುವ ಮೊದಲೇ ಪ್ರತಿ ಸಲವೂ ಉರಿ, ಚುಚ್ಚು ಶುರುವಾದರೆ ಪೊರೆ ಬೇಗ ಹರಿಯುತ್ತಿರಬಹುದು. ಇದರಿಂದ ರೋಗದ ಸುಳಿವು ಸಿಗುತ್ತದೆಯೇ ಹೊರತು ಇದೇ ನಿರ್ಣಯವಲ್ಲ.

ಹೆಜ್ಜೆ 2: ಹೊತ್ತು, ಕಣ್ಣು, ಕಸುಬು ಬರೆದಿಡುವುದು

ಒಂದು ವಾರ ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ಬೆಳಿಗ್ಗೆ ಎದ್ದಾಗಲೇ ಉರಿ ಹೆಚ್ಚಿದ್ದರೆ ರೆಪ್ಪೆಯ ಅಂಚಿನ ಉರಿಯೂತವೋ, ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚದಿರುವುದೋ ಕಾರಣವಿರಬಹುದು. ಹೊತ್ತು ಏರಿದಂತೆ ಉರಿ ಏರಿದರೆ ನೀರು ಆರುವ ದೋಷ ಹೆಚ್ಚಾಗಿ ಕಾರಣ. ಎರಡೂ ಕಣ್ಣಿನಲ್ಲಿ ಉರಿಯ ಜೊತೆಗೆ ನೀರು ಬಂದರೆ ಒಣಕಣ್ಣು ಅಥವಾ ಅಲರ್ಜಿ. ಉರಿಯಿಲ್ಲದೆ, ಒಂದೇ ಕಣ್ಣಿನಲ್ಲಿ, ತಿಂಗಳುಗಟ್ಟಲೆ ನೀರು ಬರುತ್ತಿದ್ದು, ಮೂಗಿನ ಪಕ್ಕದ ಮೂಲೆಯನ್ನು ಒತ್ತಿದಾಗ ಕೀವಿನಂಥ ಗೀಜು ಮೇಲಕ್ಕೆ ಬಂದರೆ ತೂಬಿನ ದಾರಿ ಕಟ್ಟಿದೆ ಎಂದೇ ತಿಳಿಯಬೇಕು. ಅದಕ್ಕೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ. ವಿಪರೀತ ತುರಿಕೆ ಇದ್ದರೆ, ಅದರಲ್ಲಿಯೂ ಮಕ್ಕಳಲ್ಲಿ, ಅಲರ್ಜಿಯನ್ನು ಮೊದಲು ನೆನೆಯಬೇಕು. ಹಾಗೆ ತುರಿಕೆಯಿರುವ ಮಕ್ಕಳು ಕಣ್ಣು ಉಜ್ಜುವುದನ್ನು ಬಿಡಿಸಲೇಬೇಕು, ಏಕೆಂದರೆ ವರ್ಷಗಟ್ಟಲೆ ಉಜ್ಜಿದ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ಅಪಾಯವಿದೆ.

ನೆಗಡಿ, ತುರಿಕೆಗೆ ದಿನವೂ ನುಂಗುವ ಮಾತ್ರೆಗಳು, ಮನಸ್ಸಿನ ಕಾಯಿಲೆಯ ಕೆಲವು ಔಷಧಿಗಳು, ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್ ಕಣ್ಣೀರನ್ನೋ ಅದರ ಎಣ್ಣೆಯನ್ನೋ ಕಡಿಮೆ ಮಾಡಬಲ್ಲವು. ಅವುಗಳ ಹೆಸರನ್ನೂ ಚೀಟಿಯಲ್ಲಿ ಬರೆದಿಡಿ, ಆದರೆ ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ. ಮುಟ್ಟು ನಿಂತ ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಒಣಕಣ್ಣು ಹೆಚ್ಚು. ಕಣ್ಣಿನ ಜೊತೆಗೆ ಬಾಯಿಯೂ ಒಣಗಿ, ನೀರು ಕುಡಿಯದೆ ತುತ್ತು ಇಳಿಯದಂತಾಗಿ, ಕೀಲುಗಳು ನೋಯುತ್ತಿದ್ದರೆ ಷೋಗ್ರೆನ್ ಎಂಬ ಕಾಯಿಲೆಯಿರಬಹುದು. ಅದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿ ಬೀಳುತ್ತದೆ. ಇದನ್ನು ವೈದ್ಯರಿಗೆ ಹೇಳದೆ ಬಿಡಬಾರದು.

ಹೆಜ್ಜೆ 3: ಗಟ್ಟಿಯಾದ ಎಣ್ಣೆಯನ್ನು ಕರಗಿಸುವುದು

ರೆಪ್ಪೆಯ ಎಣ್ಣೆಯ ದೋಷಕ್ಕೆ ಬಿಸಿ ಶಾಖ ಮೊದಲ ಚಿಕಿತ್ಸೆ. ದುಡ್ಡು ಖರ್ಚಿಲ್ಲದ ಈ ಕೆಲಸವನ್ನು ಸರಿಯಾಗಿ ಮಾಡುವವರು ಬಹಳ ಕಡಿಮೆ, ಹಾಗಾಗಿ ಇಲ್ಲಿ ನಿಧಾನವಾಗಿ ಹೇಳುತ್ತೇನೆ. ಕುಡಿಯುವ ನೀರನ್ನು ಶುಭ್ರವಾದ ಪಾತ್ರೆಯಲ್ಲಿ ಬಿಸಿ ಮಾಡಿ. ಶಾಖ ಸುಮಾರು 40 ಡಿಗ್ರಿ ಸೆಲ್ಸಿಯಸ್ ಇರಬೇಕು. ಮಗುವಿಗೆ ಎರೆಯುವ ನೀರನ್ನು ನೋಡುವಂತೆ ಮಣಿಕಟ್ಟಿನ ಒಳಭಾಗಕ್ಕೆ ಬಿಟ್ಟು ನೋಡಿದರೆ ಹಿತವಾಗಿ ಬೆಚ್ಚಗಿರಬೇಕು, ಸುಡಬಾರದು. ಹತ್ತಿಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಅದ್ದಿ, ಹಿಂಡಿ, ಮುಚ್ಚಿದ ಕಣ್ಣುಗಳ ಮೇಲೆ ಇಡಿ. ಎರಡು ನಿಮಿಷಕ್ಕೆ ಬಟ್ಟೆ ಆರುತ್ತದೆ, ಮತ್ತೆ ಅದ್ದಬೇಕು. ಹೀಗೆ ಹತ್ತು ನಿಮಿಷ. ಒಂದೇ ಸಲ ಇಟ್ಟು ತಣ್ಣಗಾಗಲು ಬಿಟ್ಟರೆ ಎಣ್ಣೆ ಕರಗುವಷ್ಟು ಶಾಖ ಒಳಗೆ ತಲುಪುವುದೇ ಇಲ್ಲ. ರೇಷ್ಮೆ ಗೂಡು ಬೇಯಿಸಿದ ಬೇಸಿನ್ನಿನ ನೀರು ಬಿಸಿಯಾಗಿ ಕೈಗೆ ಸಿಗುತ್ತದೆಂದು ಅದರಲ್ಲೇ ಬಟ್ಟೆ ಅದ್ದುವುದನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಆ ನೀರಿನ ತುಂಬ ಗೂಡಿನ ಅಂಟು ಮತ್ತು ಹುಳುವಿನ ಕಸ ಇರುತ್ತವೆ.

ಶಾಖ ಕೊಟ್ಟ ಕೂಡಲೇ, ಕಣ್ಣು ಮುಚ್ಚಿಕೊಂಡೇ, ಮೇಲ್ರೆಪ್ಪೆಯನ್ನು ಬೆರಳಿನಿಂದ ಮೇಲಿನಿಂದ ಅಂಚಿನ ಕಡೆಗೆ, ಕೆಳರೆಪ್ಪೆಯನ್ನು ಕೆಳಗಿನಿಂದ ಅಂಚಿನ ಕಡೆಗೆ, ಒಂದೊಂದು ಜಾಗದಲ್ಲಿ ಐದಾರು ಸಲ ಮೆಲ್ಲಗೆ ನೀವಿ. ಒತ್ತಡ ರೆಪ್ಪೆಯ ಮೇಲಿರಬೇಕು, ಗುಡ್ಡೆಯ ಮೇಲಲ್ಲ. ಆಮೇಲೆ ಬೇರೆ ಶುಭ್ರ ಒದ್ದೆ ಬಟ್ಟೆಯಿಂದ ರೆಪ್ಪೆಗೂದಲಿನ ಬುಡವನ್ನು ಒರೆಸಿ. ದಿನಕ್ಕೆ ಎರಡು ಸಲದಂತೆ ನಾಲ್ಕರಿಂದ ಆರು ವಾರ ಬಿಡದೆ ಮಾಡಿದರೆ ಮಾತ್ರ ಫಲ ತಿಳಿಯುತ್ತದೆ. ಅಲರ್ಜಿಯಿಂದ ತುರಿಸುವ ಕಣ್ಣಿಗೆ ಈ ಶಾಖ ಬೇಡ, ಅಲ್ಲಿ ತಣ್ಣೀರಿನ ಬಟ್ಟೆಯೇ ಹಿತ. ಕೆಳರೆಪ್ಪೆಯ ಒಳಅಂಚಿಗೆ ಕಾಡಿಗೆ ತೀಡುವವರು ಈ ವಾರಗಳಲ್ಲಿ ಅದನ್ನು ಬಿಡಬೇಕು, ಏಕೆಂದರೆ ಕಾಡಿಗೆ ಕೂರುವುದು ಎಣ್ಣೆಯ ಬಾಯಿಗಳ ಮೇಲೆಯೇ.

ಹೆಜ್ಜೆ 4: ರೆಪ್ಪೆ ಬಡಿಯುವುದನ್ನು ಮತ್ತೆ ಕಲಿಯುವುದು

ಸುಮ್ಮನೆ ಕುಳಿತಾಗ ನಾವು ನಿಮಿಷಕ್ಕೆ ಸುಮಾರು ಹದಿನೈದು ಸಲ ರೆಪ್ಪೆ ಬಡಿಯುತ್ತೇವೆ. ಮೊಬೈಲು, ಕಂಪ್ಯೂಟರ್ ನೋಡುವಾಗ ಅದು ಅರ್ಧಕ್ಕೂ ಕೆಳಗೆ ಇಳಿಯುತ್ತದೆ, ಬಡಿದರೂ ಅರ್ಧಂಬರ್ಧ ಮುಚ್ಚುತ್ತದೆ. ಬೇಸಿನ್ನಿನಲ್ಲಿ ಕುಣಿಯುವ ಗೂಡುಗಳಿಂದ ಬರುವ, ಕಣ್ಣಿಗೆ ಕಂಡೂ ಕಾಣದ ಎಳೆಯನ್ನು ಕಡಿಯದಂತೆ ನೋಡಿಕೊಳ್ಳುವವರ ಕೆಲಸವೂ ಎವೆಯಿಕ್ಕದೆ ಮಾಡುವ ಕೆಲಸವೇ. ಅದರ ಮೇಲೆ ಒಲೆಯ ಹೊಗೆ, ಮುಖಕ್ಕೆ ಹೊಡೆಯುವ ಗಾಳಿ ಸೇರಿದರೆ ಕಣ್ಣು ಹೇಗೆ ತಾಳೀತು?

ಇಪ್ಪತ್ತು ನಿಮಿಷಕ್ಕೊಮ್ಮೆ ಕೆಲಸ ಬಿಟ್ಟು, ಕಣ್ಣನ್ನು ಹಗುರವಾಗಿ ಪೂರ್ತಿ ಮುಚ್ಚಿ, ಎರಡು ಎಣಿಸಿ ತೆರೆಯಿರಿ. ಹೀಗೆ ಹತ್ತು ಸಲ. ಗಾಳಿ ಎದುರಿನಿಂದ ಬರುವ ಬದಲು ಬೆನ್ನ ಹಿಂದಿನಿಂದ ಬರುವಂತೆ ಕೂರುವ ಜಾಗ ಬದಲಿಸಿ, ಒಲೆಯ ಹೊಗೆ ಹೊಗೆಗೂಡಿನ ಮೂಲಕ ಹೊರಹೋಗುವಂತೆ ಮಾಡಿಸಿ. ಮೊಬೈಲನ್ನು ಕಣ್ಣಿಗಿಂತ ಕೆಳಗೆ ಹಿಡಿದರೆ ರೆಪ್ಪೆ ಅರ್ಧ ಇಳಿದಿದ್ದು ಆರುವ ಜಾಗವೂ ಕಡಿಮೆಯಾಗುತ್ತದೆ. ರಾಗಿ ಒಕ್ಕಣೆಯ ದಿನಗಳಲ್ಲಿ, ಕ್ವಾರಿ ರಸ್ತೆಯಲ್ಲಿ ಬೈಕು ಓಡಿಸುವಾಗ, ಪಕ್ಕವೂ ಮುಚ್ಚುವ ಸಾದಾ ಕನ್ನಡಕ ಸಾಕು.

ಹೆಜ್ಜೆ 5: ಡ್ರಾಪ್ಸ್ ಹಾಕುವುದಿದ್ದರೆ

ಕಣ್ಣೀರಿಗೆ ಬದಲಾಗಿ ಬಳಸುವ ಡ್ರಾಪ್ಸ್ ಒಂದು ಬಗೆ, ಕೆಂಪನ್ನು ಮರೆಮಾಡುವ ಡ್ರಾಪ್ಸ್ ಇನ್ನೊಂದು ಬಗೆ, ಸ್ಟಿರಾಯ್ಡ್ ಬೆರೆತದ್ದು ಮತ್ತೊಂದು ಬಗೆ. ಮೊದಲನೆಯದನ್ನು ಮಾತ್ರ ದೀರ್ಘಕಾಲ ಬಳಸಬಹುದು. ಸ್ಟಿರಾಯ್ಡ್ ಹಾಕಿದ ದಿನವೇ ಕಣ್ಣು ತಣ್ಣಗಾಗುವುದರಿಂದ ಜನ ಅದೇ ಶೀಸೆಯನ್ನು ಮತ್ತೆ ಮತ್ತೆ ಕೇಳಿ ತರುತ್ತಾರೆ, ಆದರೆ ವೈದ್ಯರ ನಿಗಾ ಇಲ್ಲದೆ ತಿಂಗಳುಗಟ್ಟಲೆ ಬಳಸಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಜೊತೆಗೆ ಕ್ಯಾಟರಾಕ್ಟ್ ಎಂಬ ಕಣ್ಣಿನ ಪೊರೆಯೂ ಬರಬಹುದು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳದು. ಆ ತಾಯಿಯ ಕೈಚೀಲದಲ್ಲಿದ್ದ ಮೂರು ಶೀಸೆಗಳಲ್ಲಿ ಎರಡು ಸ್ಟಿರಾಯ್ಡ್ ಇದ್ದವು. ನನಗೆ ಆ ಹೊತ್ತಿನಲ್ಲಿ ಒಣಕಣ್ಣಿಗಿಂತ ಹೆಚ್ಚು ಭಯವಾಗಿದ್ದು ಅದರಿಂದ, ಮತ್ತು ಅವರ ಕಣ್ಣಿನ ಒತ್ತಡವನ್ನು ಅಂದೇ ಅಳೆಯಿಸಿದೆವು.

ಹಾಕುವ ಕ್ರಮ ಹೀಗೆ. ತಲೆಯನ್ನು ಹಿಂದಕ್ಕೆ ವಾಲಿಸಿ, ಕೆಳರೆಪ್ಪೆಯನ್ನು ಎಳೆದು ಜೇಬಿನಂತೆ ಮಾಡಿ, ಶೀಸೆಯ ಮೂತಿ ಎಲ್ಲಿಗೂ ತಾಗದಂತೆ ಒಂದೇ ಹನಿ ಬಿಡಿ. ಒಂದು ಹನಿ ಎಂದರೆ ಸುಮಾರು 30ರಿಂದ 50 ಮೈಕ್ರೋಲೀಟರ್, ಕಣ್ಣು ಹಿಡಿಯುವುದಕ್ಕಿಂತ ಈಗಾಗಲೇ ಹೆಚ್ಚು. ಎರಡನೆಯ ಹನಿ ಕೆನ್ನೆಗೇ ಹೋಗುತ್ತದೆ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಿರಿ, ತೂಬು ಮುಚ್ಚಿದಂತಾಗಿ ಔಷಧಿ ಗಂಟಲಿಗೆ ಇಳಿಯದೆ ಕಣ್ಣಿನಲ್ಲೇ ಉಳಿಯುತ್ತದೆ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಕಾಗುವವರು, ಕೆಡದಂತೆ ಸೇರಿಸುವ ರಾಸಾಯನಿಕವಿಲ್ಲದ ಬಗೆಯನ್ನು ಕೇಳಿ ಪಡೆಯಬೇಕು, ಏಕೆಂದರೆ ಆ ರಾಸಾಯನಿಕವೇ ಮೇಲ್ಪದರದ ಕೋಶಗಳಿಗೆ ಕೆಡುಕು ಮಾಡಬಲ್ಲದು. ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಇವಾವುದನ್ನೂ ಕಣ್ಣಿಗೆ ಬಿಡಬೇಡಿ. ಹೊಲದಲ್ಲಿ ಎಲೆಯೋ ಹುಲ್ಲೋ ತಾಗಿ ಗೀರಿದ ಕಾರ್ನಿಯಾದ ಮೇಲೆ ಶಿಲೀಂಧ್ರ ಬೆಳೆದು ಹುಣ್ಣಾಗುವುದು ರೈತರಲ್ಲಿ ಅಪರೂಪವಲ್ಲ, ಅಂಥ ಗಾಯಕ್ಕೆ ಸೊಪ್ಪಿನ ರಸವೂ ಸ್ಟಿರಾಯ್ಡೂ ಬೆಂಕಿಗೆ ತುಪ್ಪ ಹೊಯ್ದಂತೆ.

ಸುಣ್ಣ ಸಿಡಿದರೆ

ರೇಷ್ಮೆ ಹುಳುಮನೆ ತೊಳೆಯಲು ಬ್ಲೀಚಿಂಗ್ ಪುಡಿಯನ್ನೂ ಸುಣ್ಣವನ್ನೂ ಕಲಸುವ ನಮ್ಮ ತಾಲ್ಲೂಕುಗಳಲ್ಲಿ ಈ ಮಾತು ಎಲ್ಲರಿಗೂ ಗೊತ್ತಿರಬೇಕು. ಸುಣ್ಣ ಕ್ಷಾರ; ಅದು ಮೇಲ್ಪದರದಲ್ಲಿ ನಿಲ್ಲದೆ ಕಾರ್ನಿಯಾದ ಒಳಕ್ಕೆ ಇಳಿಯುತ್ತ ಹೋಗುತ್ತದೆ. ಆಟೋ ಹುಡುಕುವ ಮೊದಲು, ಯಾರನ್ನೂ ಕರೆಯುವ ಮೊದಲು, ಕೈಗೆ ಸಿಕ್ಕ ಶುದ್ಧ ನೀರನ್ನು ಧಾರೆಯಾಗಿ ಬಿಟ್ಟು ಕನಿಷ್ಠ ಅರ್ಧ ಗಂಟೆ ತೊಳೆಯಬೇಕು. ರೆಪ್ಪೆಯನ್ನು ಇನ್ನೊಬ್ಬರು ಬಿಡಿಸಿ ಹಿಡಿಯಬೇಕು. ಒಳಗೆ ಸುಣ್ಣದ ಹರಳು ಉಳಿದಿದ್ದರೆ ಒದ್ದೆ ಬಟ್ಟೆಯ ತುದಿಯಿಂದ ತೆಗೆಯಬೇಕು. ಆಮೇಲೆ ನೇರವಾಗಿ ಕಣ್ಣಿನ ವಿಭಾಗವಿರುವ ಆಸ್ಪತ್ರೆಗೆ. ಬಾಧೆ ಕಡಿಮೆಯಾಯಿತೆಂದು ಮನೆಯಲ್ಲಿ ಉಳಿಯಬಾರದು.

ಹಸುಗೂಸಿನ ಒಂದೇ ಕಣ್ಣಲ್ಲಿ ನೀರು

ಮೂಗಿನೊಳಗೆ ತೆರೆಯುವ ನಾಳದ ಕೊನೆಯಲ್ಲಿರುವ ತೆಳುಪರದೆ ಕೆಲವು ಮಕ್ಕಳಲ್ಲಿ ಹುಟ್ಟುವ ಹೊತ್ತಿಗೆ ತೆರೆದಿರುವುದಿಲ್ಲ. ಬಹುಪಾಲು ಮಕ್ಕಳಲ್ಲಿ ಒಂದು ವರ್ಷದೊಳಗೆ ಅದು ತಾನಾಗಿ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ತಾಯಿ ಉಗುರು ಕತ್ತರಿಸಿದ, ತೊಳೆದ ಕಿರುಬೆರಳಿನಿಂದ ಕಣ್ಣಿನ ಒಳಮೂಲೆಯನ್ನು ಒತ್ತಿ ಮೂಗಿನ ಪಕ್ಕದಲ್ಲಿ ಕೆಳಕ್ಕೆ ನೀವಬೇಕು, ಹತ್ತು ಸಲದಂತೆ ದಿನಕ್ಕೆ ಮೂರು ನಾಲ್ಕು ಬಾರಿ. ಮಗು ಬೆಳಕನ್ನು ಸಹಿಸದೆ ಮುಖ ತಿರುಗಿಸಿದರೆ, ಅಥವಾ ಕಪ್ಪುಗುಡ್ಡೆ ದೊಡ್ಡದಾಗಿ, ಮಂಜಾಗಿ ಕಂಡರೆ ಅದು ಬೇರೆಯೇ ಕಾಯಿಲೆ, ಅಂದೇ ತೋರಿಸಬೇಕು. ದೊಡ್ಡವರಲ್ಲಿ ಕೂಡ ನೋವು, ಬೆಳಕು ಸಹಿಸಲಾಗದಿರುವುದು, ದೃಷ್ಟಿ ಕುಂದುವುದು, ಕಾರ್ನಿಯಾದ ಮೇಲೆ ಬಿಳಿ ಚುಕ್ಕೆ, ಮುಖದ ಪಾರ್ಶ್ವವಾಯುವಿನಿಂದ ರೆಪ್ಪೆ ಮುಚ್ಚದಿರುವುದು ಇವುಗಳಲ್ಲಿ ಒಂದು ಕಂಡರೂ ಮೇಲಿನ ಹೆಜ್ಜೆಗಳನ್ನೆಲ್ಲ ಬಿಟ್ಟು ಹೊರಡಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ

ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೂ ಜಿಲ್ಲಾಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಈ ಪರೀಕ್ಷೆಗಳನ್ನು ಕೇಳಬಹುದು. ಷಿರ್ಮರ್ ಪರೀಕ್ಷೆ 1903ರಿಂದ ಬಳಕೆಯಲ್ಲಿದೆ. 5 ಮಿಲಿಮೀಟರ್ ಅಗಲದ ಕಾಗದದ ಪಟ್ಟಿಯ ತುದಿ ಮಡಚಿ ಕೆಳರೆಪ್ಪೆಗೆ ಸಿಕ್ಕಿಸಿ ಐದು ನಿಮಿಷ ಬಿಡುತ್ತಾರೆ. ಪಟ್ಟಿ 10 ಮಿಲಿಮೀಟರಿಗಿಂತ ಹೆಚ್ಚು ಒದ್ದೆಯಾದರೆ ಊಟೆ ಚೆನ್ನಾಗಿದೆ, 5ಕ್ಕಿಂತ ಕಡಿಮೆಯಾದರೆ ಬತ್ತುತ್ತಿದೆ. ಇನ್ನೊಂದರಲ್ಲಿ ಫ್ಲೋರೆಸೀನ್ ಎಂಬ ಬಣ್ಣ ಹಾಕಿ, ನೀಲಿ ಬೆಳಕಿನಲ್ಲಿ ಪೊರೆ ಎಷ್ಟು ಸೆಕೆಂಡಿಗೆ ಹರಿಯುತ್ತದೆ ಎಂದು ಎಣಿಸುತ್ತಾರೆ. ತೂಬಿನ ಸಂಶಯವಿದ್ದರೆ ಸಣ್ಣ ಕೊಳವೆಯಿಂದ ಉಪ್ಪುನೀರು ಹಾಯಿಸುತ್ತಾರೆ; ನೀರು ಗಂಟಲಿಗೆ ಬಂದರೆ ದಾರಿ ತೆರೆದಿದೆ, ಹಿಂದಕ್ಕೆ ಉಕ್ಕಿದರೆ ಕಟ್ಟಿದೆ. ಕಟ್ಟಿದ್ದರೆ ಶಸ್ತ್ರಚಿಕಿತ್ಸೆಯಿಂದ ಚೀಲದಿಂದ ಮೂಗಿಗೆ ಹೊಸ ದಾರಿ ಮಾಡುತ್ತಾರೆ.

ಆ ತಾಯಿಯ ಕಾಗದ 14 ಮಿಲಿಮೀಟರಿನವರೆಗೆ ಒದ್ದೆಯಾಗಿತ್ತು. ನೀಲಿ ಬೆಳಕಿನಲ್ಲಿ ಅವರ ಕಣ್ಣಿನ ಹಸಿರು ಹೊಳಪಿನ ಹಾಳೆ ನೋಡನೋಡುತ್ತಲೇ ಒಡೆದು, ಬಿರುಕು ಬಿಟ್ಟ ಕೆರೆಯಂಗಳದಂತೆ ಕಪ್ಪು ಗೆರೆಗಳು ಮೂಡಿದವು. ನಾನು ಎಣಿಸಿದ್ದು ಮೂರು. ಊಟೆ ಬತ್ತಿರಲಿಲ್ಲ, ಮುಚ್ಚಿಗೆ ಮಾತ್ರ ಇರಲಿಲ್ಲ. ಸ್ಟಿರಾಯ್ಡ್ ಶೀಸೆಗಳನ್ನು ವೈದ್ಯರು ನಿಲ್ಲಿಸಿದರು, ಕಣ್ಣಿನ ಒತ್ತಡ ಅದೃಷ್ಟಕ್ಕೆ ಸರಿಯಾಗಿಯೇ ಇತ್ತು. ಆರು ವಾರ ಬಿಸಿ ಬಟ್ಟೆಯ ಶಾಖ ಕೊಟ್ಟುಕೊಂಡು, ಬಾಗಿಲಿಗೆ ಬೆನ್ನು ಮಾಡಿ ಕೂರುವುದನ್ನು ರೂಢಿಸಿಕೊಂಡು ಅವರು ಮತ್ತೆ ಬಂದಾಗ ಎಣಿಕೆ ಎಂಟಕ್ಕೆ ಬಂದಿತ್ತು. ಸೆರಗಿನ ತುದಿ ಒಣಗಿತ್ತು. ಈ ಸಲ ಅವರ ಜೊತೆಯಲ್ಲಿ ಅದೇ ಬೇಸಿನ್ನಿನ ಮುಂದೆ ಕೂರುವ ಸೊಸೆಯೂ ಬಂದಿದ್ದಳು.